ದೊಡ್ಡಮ್ಮನ ಮಡಿ

ಬೆಳಗಿನ ಹೊತ್ತು ಎಲ್ಲಾದರೂ ಬಾವಿಯ ಗಡಗಡೆ ತಿರುಗುವ ಸದ್ದು ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಕೊಡ ಮೇಲೆ ಬಂದು, ನೀರು ಸುರಿದು, ಸದ್ದು ನಿಂತರೆ ಸರಿ. ನಿಲ್ಲದೆ ಮತ್ತೆ ಮತ್ತೆ ಕೊಡ ಇಳಿಯುತ್ತಿದ್ದರೆ ತೀರ್ಥಹಳ್ಳಿಯ ಆ ವಠಾರ ಕಣ್ಣೆದುರು ಬರುತ್ತದೆ. ಚಳಿಗೆ ತುಟಿ ನೀಲಿಗಟ್ಟಿ, ಒದ್ದೆ ಸೀರೆಯಲ್ಲಿ ನಿಂತು ಸೇದಿ ಸೇದಿ ತಲೆಯ ಮೇಲೆ ಹುಯ್ದುಕೊಳ್ಳುತ್ತಿದ್ದ ದೊಡ್ಡಮ್ಮ ಬರುತ್ತಾರೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಗುರುತು ಹಿಡಿಯುವವರು ಈಗ ಹೆಚ್ಚು ಜನ ಉಳಿದಿಲ್ಲ. ಬೀದಿಗೆಲ್ಲ ಅವರು ದೊಡ್ಡಮ್ಮ, ನನಗೂ ಅಷ್ಟೆ. ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಅಡ್ಡಲಾಗಿ ಕಟ್ಟೆ ಏಳುತ್ತಿದ್ದ ಕಾಲ. ಬಯಲುಸೀಮೆಯಿಂದ ಬಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿದ ನನಗೆ ತುಂಗೆಯ ಕಡೆಗೆ ಇಳಿಯುವ ಓಣಿಯ ಒಂದು ವಠಾರದಲ್ಲಿ ಕೋಣೆ ಸಿಕ್ಕಿತು. ಪಕ್ಕದ ಎರಡು ಕೋಣೆ ದೊಡ್ಡಮ್ಮನದು. ಬಾವಿಯೂ ಬಚ್ಚಲೂ ಇಬ್ಬರಿಗೂ ಒಂದೇ.

ಐವತ್ತು ದಾಟಿದ್ದರು. ಗಿಡ್ಡ ದೇಹ, ಬೆಂಕಿಯ ಮುಂದೆ ಕೂತು ಕೂತು ಕೆಂಪಗಾದ ಕಣ್ಣು, ಹಣೆಯಲ್ಲಿ ಅಗಲ ಕುಂಕುಮ. ಗಂಡ ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಹೋದವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಆ ವಿಷಯ ಯಾರಾದರೂ ಎತ್ತಿದರೆ, "ಇಲ್ಲ ಅಂತ ಯಾರೂ ಬಂದು ಹೇಳ್ಲಿಲ್ಲ. ಹೇಳೋವರೆಗೆ ಇಟ್ಕೊತೀನಿ" ಎಂದು ಹಣೆ ಮುಟ್ಟಿ ತೋರಿಸುತ್ತಿದ್ದರು. ತವರು ಹೊಸನಗರದ ಕಡೆಯ ಒಂದು ಹಳ್ಳಿ. ಅದು ನೀರಿಗೆ ಹೋಗುತ್ತದೆಂದು ತಿಳಿದ ಮೇಲೆ ಇದ್ದೊಬ್ಬ ತಮ್ಮ ಸಾಗರಕ್ಕೆ ಬಂದು ಮನೆ ಮಾಡಿದ್ದ.

ದೊಡ್ಡಮ್ಮನ ಕೆಲಸ ಅಡಿಗೆ. ಅದೂ ಎಲ್ಲರ ಮನೆಯ ಅಡಿಗೆಯಲ್ಲ. ಹೊಳೆಯ ದಡದಲ್ಲಿ ಪಿತೃಕಾರ್ಯ ಮಾಡಿಸಲು ದೂರದೂರದಿಂದ ಜನ ಬರುತ್ತಿದ್ದರು. ಅವರಿಗೆ ಕಾರ್ಯ ಮಾಡಿಸುತ್ತಿದ್ದ ಭಟ್ಟರೊಬ್ಬರ ಮನೆಯಲ್ಲಿ ಶ್ರಾದ್ಧದ ಅಡಿಗೆಗೆ ನಿಂತವರು ಇವರು. ಆ ಅಡಿಗೆ ಕಟ್ಟುನಿಟ್ಟಿನ ಮಡಿಯಲ್ಲಿ ಆಗಬೇಕು. ತಿಂಗಳಿಗೊಮ್ಮೆ ಹೊರಗೆ ಕೂರುವ ಹೆಂಗಸರು ಅದಕ್ಕೆ ಆಗಿಬರುವುದಿಲ್ಲ. ದೊಡ್ಡಮ್ಮನಿಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ಅವರ ಅನ್ನ, ಅವರ ಮರ್ಯಾದೆ ಎರಡೂ ಆ ಒಂದು ಮಾತಿನ ಮೇಲೆ ನಿಂತಿದ್ದವು.

ಪಿತೃಗಳಿಗೆ ಬಡಿಸುವ ಮೊದಲು ಆ ಅಡಿಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ದೊಡ್ಡಮ್ಮ ಕುದಿಯುವ ಪಾತ್ರೆಯ ಹಬೆಯನ್ನು ಅಂಗೈಯಲ್ಲಿ ಮುಖದ ಕಡೆ ಎಳೆದುಕೊಂಡು ಉಪ್ಪು ಸಾಕೋ ಸಾಲದೋ ಹೇಳುತ್ತಿದ್ದರು. ಒಮ್ಮೊಮ್ಮೆ ತಪ್ಪುತ್ತಲೂ ಇತ್ತು. ತಪ್ಪಿದ ದಿನ ಮನೆಗೆ ಬಂದು, "ಇವತ್ತು ಸಾರು ಉಪ್ಪಾಗಿತ್ತು ಕಾಣು. ಆದ್ರೆ ಸತ್ತೋರು ಯಾರೂ ದೂರು ಹೇಳ್ಲಿಲ್ಲ" ಎಂದು ನಗುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಕಾರ್ಯಕ್ಕೆ ಬಂದವರನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುವರು: "ನಿಮ್ಮ ಅಪ್ಪಯ್ಯಂಗೆ ಎಂತ ಇಷ್ಟ ಇತ್ತು?" ಬಂದವರು ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಆಮೇಲೆ ಹೇಳಲು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ವಡೆ ಗರಿಗರಿಯಾಗಬೇಕಿತ್ತು, ಪಾಯಸ ಹಲ್ಲಿಗೆ ಸಿಗದಷ್ಟು ತೆಳ್ಳಗಿರಬೇಕಿತ್ತು, ಬಾಳೆಕಾಯಿ ಪಲ್ಯಕ್ಕೆ ಕಾಯಿತುರಿ ಕಡಿಮೆಯಾದರೆ ಎಲೆ ಬಿಟ್ಟು ಏಳುತ್ತಿದ್ದರು. ಶಾಸ್ತ್ರ ಒಪ್ಪುವಷ್ಟರಲ್ಲಿ ದೊಡ್ಡಮ್ಮ ಅದನ್ನೆಲ್ಲ ನಡೆಸಿಕೊಡುತ್ತಿದ್ದರು. ಬದುಕಿದ್ದವರನ್ನು ಅವರು ಬೇಗ ಮರೆಯುತ್ತಿದ್ದರು. ಸತ್ತವರನ್ನು ಮಾತ್ರ ಅವರವರ ನಾಲಿಗೆಯ ರುಚಿಯಿಂದ ನೆನಪಿಟ್ಟುಕೊಂಡಿದ್ದರು. ಹೊಳೆಯ ಕಡೆ ನಡೆಯುವಾಗ ಎದುರಿಗೆ ಬಂದವರನ್ನು ತೋರಿಸಿ, "ಇವ್ರ ಅಜ್ಜಿಗೆ ಎಳ್ಳುಂಡೆ ಅಂದ್ರೆ ಪ್ರಾಣ" ಎನ್ನುವರು, ಆ ಅಜ್ಜಿ ತನ್ನ ಗೆಳತಿ ಎಂಬಂತೆ.

ನನ್ನನ್ನು ಅವರು ತಮ್ಮ ಅಡಿಗೆ ಕೋಣೆಯ ಹೊಸ್ತಿಲಿನ ಈಚೆಗೇ ಕೂರಿಸುತ್ತಿದ್ದರು. ಅದರಲ್ಲಿ ಅವಮಾನ ಮಾಡುವ ಭಾವ ಇರಲಿಲ್ಲ. ತಿಂಡಿ ಮಾಡಿದರೆ ಹೊಸ್ತಿಲ ಮೇಲೆ ತಟ್ಟೆ ಇಟ್ಟು ಕೈ ಹಿಂದೆಗೆದು, "ತಗೋ ಟೀಚರಮ್ಮ, ಬಿಸಿ ಇದ್ದಾಗ್ಲೇ ತಿನ್ನು" ಎನ್ನುವರು. ನಾನು ತಿನ್ನುವುದನ್ನು ಒಲೆಯ ಬಳಿ ಕೂತು ನೋಡುವರು.

ಒಂದು ಪಿತೃಪಕ್ಷದ ನಂತರ ಈ ದೊಡ್ಡಮ್ಮ ಬದಲಾಗತೊಡಗಿದರು.

ಮೊದಲು ನನಗೆ ಗೊತ್ತಾಗಿದ್ದು ಬಾವಿಯ ಸದ್ದಿನಿಂದ. ಬೆಳಗಿನ ಒಂದು ಸ್ನಾನ ಸಾಲದೆ ಮತ್ತೆ ಮತ್ತೆ ಮೀಯುತ್ತಿದ್ದರು. ತಿಂಡಿಯ ತಟ್ಟೆ ಹೊಸ್ತಿಲಿಗೆ ಬರುವುದು ನಿಂತಿತು. ಕೇಳಿದರೆ "ಮಾಡ್ಲಿಲ್ಲ ಮಾರಾಯ್ತಿ, ಹಸಿವಿಲ್ಲ" ಎನ್ನುವರು. ತಮ್ಮದೇ ದೇವರ ಗೂಡಿನ ಮುಂದೆ ದೀಪ ಹಚ್ಚುವುದನ್ನೂ ಬಿಟ್ಟರು. ನನ್ನನ್ನು ಕರೆದು, "ನೀನೇ ಹಚ್ಚು, ನಂಗೆ ಸೊಂಟ ಬಗ್ಗೋದಿಲ್ಲ" ಎಂದರು. ಹೊಸ್ತಿಲು ದಾಟು ಎಂದು ಅವರು ನನಗೆ ಹೇಳಿದ್ದು ಅದೇ ಮೊದಲು. ದಾಟುವಾಗ ನನಗೆ ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ಸೊಂಟ ಬಗ್ಗದವರು ಬಾವಿಯಿಂದ ಅಷ್ಟು ನೀರು ಸೇದುವುದು ಹೇಗೆ?

ಮುಖ ಬಿಳಿಚಿಕೊಂಡಿತು. ನಾಲ್ಕು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಿದ್ದರು. ಹೀಗೇ ಒಂದು ಭಾನುವಾರ ಬೆಳಿಗ್ಗೆ ಅವರ ಹಿಂದೆಯೇ ನಾನು ಬಚ್ಚಲಿಗೆ ಹೋದೆ. ಮೂಲೆಯ ಕಲ್ಲಿನ ಮೇಲೆ ಸರಿಯಾಗಿ ತೊಳೆದು ಹೋಗದೆ ಉಳಿದ ನೀರು ಕೆಂಪಗಿತ್ತು. ತಾಜಾ ರಕ್ತದ ಕೆಂಪು. ಹೊರಗೆ ಬಂದು ನೋಡಿದರೆ ದೊಡ್ಡಮ್ಮ ಬಾವಿಕಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

"ಕಂಡ್ಯಾ?" ಎಂದರು.

ನಾನು ತಲೆಯಾಡಿಸಿದೆ. ಅವರು ಅಲ್ಲೇ ಕುಸಿದು ಕೂತರು. ನಾನು ಹಿಡಿಯಲು ಹೋದರೆ, "ಮುಟ್ಬೇಡ, ಮುಟ್ಬೇಡ" ಎಂದು ಎರಡೂ ಕೈ ಅಡ್ಡ ಹಿಡಿದರು. ಆಮೇಲೆ ತಲೆ ತಗ್ಗಿಸಿ, ನೆಲಕ್ಕೆ ಹೇಳುವವರ ಹಾಗೆ ಹೇಳಿದರು.

"ನಿಂತೇ ಹೋಗಿತ್ತು. ಈ ವಯಸ್ಸಲ್ಲಿ ಮತ್ತೆ ಮುಟ್ಟು ಬಂದಿದೆ ನಂಗೆ."

ಮೊದಲ ಸಲ ಕಂಡದ್ದು ಮಳೆಗಾಲದಲ್ಲಂತೆ. ಜ್ವರ ಎಂದು ಭಟ್ಟರ ಮನೆಗೆ ಹೇಳಿ ಕಳಿಸಿ ಮೂರು ದಿನ ದೂರ ಕೂತಿದ್ದರು. ರಕ್ತ ಮರುದಿನವೇ ನಿಂತಿತ್ತು, ಆಮೇಲೆ ಎಷ್ಟೋ ವಾರ ಸುಳಿವೇ ಇರಲಿಲ್ಲ. ಏನೋ ಉಷ್ಣವಾಗಿರಬೇಕು ಎಂದು ಸೊಗದೆ ಬೇರಿನ ಕಷಾಯ ಕುಡಿದು ಮರೆತಿದ್ದರು. ಪಿತೃಪಕ್ಷ ಬಂತು. ಭಟ್ಟರ ಮನೆಗೆ ದಿನವೂ ಜನ. ಒಂದು ದಿನ ಹೊಸನಗರದ ಕಡೆಯವನೊಬ್ಬ ತಾಯಿಯ ಕಾರ್ಯಕ್ಕೆ ಬಂದಿದ್ದ. ಅವನ ಊರೂ ಮುಳುಗುವುದೇ. "ಮನೆಯಲ್ಲಿ ಮಾಡೋಕೆ ಮುಂದಿನ ವರ್ಷ ಮನೆಯೇ ಇರಲ್ಲ" ಎಂದು ಹೇಳಿಕೊಂಡು ಅತ್ತಿದ್ದ. ತಾಯಿಗೆ ಬಾಳೆಕಾಯಿ ಪಲ್ಯ ಇಷ್ಟ ಎಂದಿದ್ದ. ದೊಡ್ಡಮ್ಮ ಎಲ್ಲ ಮಾಡಿ ಮುಗಿಸಿ, ಬಡಿಸುವ ಮೊದಲು ಹಿತ್ತಲಿಗೆ ಹೋಗಿ ಬಂದರು. ಹೋದಲ್ಲಿ ರಕ್ತ.

"ಆಗ ಹೇಳ್ಬೇಕಿತ್ತು. ಅಡಿಗೆ ಎಲ್ಲ ಚೆಲ್ಲಿ ಅಂತ ಹೇಳ್ಬೇಕಿತ್ತು. ಎಲೆ ಹಾಕಿ ಆಗಿತ್ತು. ಅವ ಒದ್ದೆ ಪಂಚೆ ಉಟ್ಕೊಂಡು ಕೂತಿದ್ದ. ನನ್ನ ನಾಲಿಗೆ ಏಳ್ಲಿಲ್ಲ. ಮಿಂದು ಬಂದು ಬಡಿಸ್ದೆ."

ಕಾಗೆಗೆ ಅನ್ನ ಇಟ್ಟರು. ಕಾಗೆ ಬರಲಿಲ್ಲ. ಆ ಮಗ ಅಂಗಳದಲ್ಲಿ ನಿಂತು ಮರಮರವನ್ನೂ ನೋಡುತ್ತ ಕಾ ಕಾ ಎಂದು ಕೂಗಿದ. ಕೊಂಬೆಯ ಮೇಲಿದ್ದ ಒಂದು ಕಾಗೆ ಇಳಿದು ಬಂದು, ಅನ್ನದ ಹತ್ತಿರ ಕುಪ್ಪಳಿಸಿ, ಮುಟ್ಟದೆ ಹಾರಿಹೋಯಿತು. ಬಿಸಿಲು ಇಳಿಯುವವರೆಗೆ ಕಾದು, ಕೊನೆಗೆ ಭಟ್ಟರು ಹಸುವಿಗೆ ಕೊಡಿಸಿ ಕಾರ್ಯ ಮುಗಿಸಿದರು. "ಅಮ್ಮಂಗೆ ನನ್ನ ಮೇಲೆ ಏನೋ ಸಿಟ್ಟು" ಎಂದು ಆ ಮಗ ಬಸ್ಸಿಗೆ ಹೋದ.

"ಸಿಟ್ಟು ಅವನ ಮೇಲಲ್ಲ" ಎಂದರು ದೊಡ್ಡಮ್ಮ. "ಅವತ್ತಿಂದ ಅವ್ಳು ಬತ್ತಾಳೆ."

ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಒಬ್ಬ ಹೆಂಗಸು ಅಡಿಗೆಮನೆಯ ಬಾಗಿಲಲ್ಲಿ ಬಾಡಿದ ಬಾಳೆ ಎಲೆ ಹಿಡಿದು ನಿಂತಿರುತ್ತಾಳೆ. ಮಾತಾಡುವುದಿಲ್ಲ. ಮೊದಮೊದಲು ಅವಳೊಬ್ಬಳೇ ಇದ್ದಳು. ಆಮೇಲೆ ವಡೆ ಗರಿಗರಿ ಬೇಕು ಎನ್ನುತ್ತಿದ್ದವರು, ಎಳ್ಳುಂಡೆಯ ಅಜ್ಜಿ, ಒಬ್ಬೊಬ್ಬರೇ ಅವಳ ಹಿಂದೆ ಬಂದು ನಿಲ್ಲತೊಡಗಿದರು. ಯಾರ ಕೈಯ ಎಲೆಯಲ್ಲೂ ಏನೂ ಇಲ್ಲ. ಅಂದಿನಿಂದ ರಕ್ತ ಕಂಡ ದಿನಗಳಲ್ಲಿ ದೊಡ್ಡಮ್ಮ ಏನೋ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಿದ್ದರು. ಆದರೆ ಅದು ಹೇಳಿ ಕೇಳಿ ಬರುವುದಲ್ಲ. ಒಂದೊಂದು ದಿನ ಅಡಿಗೆಯ ನಡುವೆ ಕಂಡುಬಿಡುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಇಷ್ಟು ದಿನ ಯಾರ್ಯಾರಿಗೆ ಬಡಿಸಿದೆ ಎಂದು ಊರೆಲ್ಲ ಕೇಳುತ್ತದೆ. ಹೇಳದಿದ್ದರೆ ಇವರು ನಿಂತಿದ್ದಾರೆ.

ನಾನು ಇಪ್ಪತ್ತನಾಲ್ಕರವಳು. ಸತ್ತವರ ವಿಷಯ ನನಗೇನೂ ತಿಳಿಯದು. ರಕ್ತದ ಬಗ್ಗೆ ಮಾತ್ರ, ನಿಂತ ಮೇಲೆ ಹೀಗೆ ಹೋಗುವುದು ಒಳ್ಳೆಯದಲ್ಲ ಎಂದು ಊರಲ್ಲಿ ಅಮ್ಮ ಯಾರಿಗೋ ಹೇಳುತ್ತಿದ್ದದ್ದು ನೆನಪಿತ್ತು. ಪೇಟೆಗೆ ಹೊಸದಾಗಿ ಒಬ್ಬ ಲೇಡಿ ಡಾಕ್ಟರು ಬಂದಿದ್ದರು. ಅವರ ಹತ್ತಿರ ಹೋಗೋಣವೆಂದರೆ ದೊಡ್ಡಮ್ಮ ಒಪ್ಪಲಿಲ್ಲ. ಕೊನೆಗೆ ಒಂದು ದಿನ ಭಟ್ಟರ ಮನೆಯಿಂದ ಬರುವಾಗ ದಾರಿಯಲ್ಲೇ ತಲೆ ಸುತ್ತಿ ಬಿದ್ದರು. ಆಗ ಕೇಳುವುದೇನಿತ್ತು, ಜಟಕಾದಲ್ಲಿ ಕೂರಿಸಿಕೊಂಡು ಹೋದೆ.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ನಾಡಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲವಲ್ಲ" ಎಂದರು. ದೊಡ್ಡಮ್ಮ ತಲೆ ತಗ್ಗಿಸಿದರು. ನಾನೇ ಹೇಳಿದೆ. ಅವರು ಕೇಳಿಕೊಂಡು, ಕೈ ತೊಳೆಯುತ್ತ ಸುಮ್ಮನೆ ಕೇಳುವವರಂತೆ ಕೇಳಿದರು:

"ಬಟ್ಟೆಗೆ ಆಗುತ್ತಾ?"

ದೊಡ್ಡಮ್ಮ ತಲೆ ಎತ್ತಿದರು. "ಬಟ್ಟೆಗೆ ಆಗೋದಿಲ್ಲ."

"ಒಂದು ದಿನವೂ ಆಗಿಲ್ವಾ?"

"ಇಲ್ಲ. ಕೂತಾಗ ಮಾತ್ರ ಕಾಣ್ತದೆ. ನೀರಿನ ಜೊತೆ."

"ಹೊಟ್ಟೆನೋವು? ಉರಿ?"

"ಎಂತದೂ ಇಲ್ಲ."

ಡಾಕ್ಟರಮ್ಮ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಬಟ್ಟೆಗೆ ಆಗದ ಮುಟ್ಟು ಎಲ್ಲಾದ್ರೂ ಇದ್ಯಾ ಅಮ್ಮ?"

ಅಷ್ಟು ತಿಂಗಳು ಇದನ್ನು ಯಾರೂ ಕೇಳಿರಲಿಲ್ಲ. ದೊಡ್ಡಮ್ಮ ನನ್ನೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ನನಗೆ ಕೇಳಬೇಕೆಂದು ತೋಚಿರಲಿಲ್ಲ. ಹೆದರಿಕೆಯಲ್ಲಿ ಅವರಿಗೆ ತಮಗೇ ಹೊಳೆದಿರಲಿಲ್ಲ. ಪರದೆಯ ಆಚೆ ಮಲಗಿಸಿ, ಒಳಗೆ ಪರೀಕ್ಷೆ ಮಾಡಿ, ಆಮೇಲೆ ಸಣ್ಣ ರಬ್ಬರ್ ನಳಿಗೆಯನ್ನು ಮೂತ್ರದ ದಾರಿಯಲ್ಲಿ ಇಳಿಸಿ ಗಾಜಿನ ಲೋಟಕ್ಕೆ ಹಿಡಿದರು. ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿದರು. ಮಾಂಸ ತೊಳೆದ ನೀರಿನ ಬಣ್ಣ.

"ನೋಡಿ. ಗರ್ಭಕೋಶ ಸ್ವಚ್ಛವಾಗಿದೆ. ಅಲ್ಲಿಂದ ಒಂದು ಹನಿಯೂ ಬರ್ತಿಲ್ಲ. ಇದು ನೇರ ಮೂತ್ರಕೋಶದಿಂದ ಬಂದದ್ದು. ಮುಟ್ಟಲ್ಲ."

"ಮುಟ್ಟಲ್ಲ?"

"ಅಲ್ಲ."

ದೊಡ್ಡಮ್ಮ ಆ ಲೋಟವನ್ನೇ ನೋಡಿದರು. ಆಮೇಲೆ ನಗತೊಡಗಿದರು. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ನಿಲ್ಲಲಿಲ್ಲ, ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಡಾಕ್ಟರಮ್ಮ ನನ್ನ ಕಡೆ ನೋಡಿ, "ಇವರಿಗೆ ಸರಿಯಾಗಿ ಹೇಳಿ ಟೀಚರ್" ಎಂದರು. "ನೋವಿದ್ದಿದ್ರೆ ಕಲ್ಲು ಅಂತ ಸಮಾಧಾನ ಮಾಡ್ಕೋಬಹುದಿತ್ತು. ಈ ವಯಸ್ಸಲ್ಲಿ ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದ್ರೆ, ಒಳಗೆ ಏನೋ ಬೆಳೀತಾ ಇದೆ ಅಂತ ಹೆದರಬೇಕು. ತಾನಾಗಿ ನಿಲ್ಲುತ್ತೆ, ಮತ್ತೆ ಬರುತ್ತೆ. ನಿಂತಾಗ ವಾಸಿಯಾಯ್ತು ಅಂದ್ಕೊಂಡೇ ಎಲ್ರೂ ತಡ ಮಾಡ್ತಾರೆ. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಈ ವಾರವೇ ಹೋಗಿ."

ದೊಡ್ಡಮ್ಮನ ಕಿವಿಗೆ ಅದು ಬೀಳಲಿಲ್ಲ. ಹಿಂತಿರುಗುವಾಗ ಜಟಕಾ ಬೇಡವೆಂದರು. ಪೇಟೆಯ ಬೀದಿಯಲ್ಲಿ ನನ್ನ ತೋಳು ಹಿಡಿದು ನಡೆದರು. ಹೂವು ಕೊಂಡರು. ಅಂದು ಸಂಜೆ ದೇವರ ಗೂಡಿನ ದೀಪ ತಾವೇ ಹಚ್ಚಿ, ಅವಲಕ್ಕಿ ಕಲಸಿ ನನಗೂ ಕೊಟ್ಟು ತಾವೂ ತಿಂದರು. ಪ್ರಾಣಕ್ಕೆ ಎರವಾಗುವ ರೋಗದ ಸುದ್ದಿ ಕೇಳಿದ ದಿನ ಒಬ್ಬ ಹೆಂಗಸು ಅಷ್ಟು ಸಂತೋಷದಿಂದ ಇದ್ದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನಿದ್ದೆ ಬಾರದೆ ಹೊರಳಿದವಳು ನಾನು. ಅವರ ಮುಖದ ಆ ಬೆಳಕು ಈಗಲೂ ನನ್ನನ್ನು ಬಿಟ್ಟಿಲ್ಲ.

ಸಾಗರದಿಂದ ಅವರ ತಮ್ಮ ಬಂದ. ಮೂವರೂ ಆಗುಂಬೆ ಘಾಟಿ ಇಳಿದು ಹೋದೆವು. ಬಸ್ಸಿನಲ್ಲಿ ಅಕ್ಕನೂ ತಮ್ಮನೂ, 'ಆಗಬಹುದು' ಎನ್ನಲು 'ಅಕ್ಕು' ಎನ್ನುವ ತಮ್ಮ ಮನೆಮಾತಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

"ನಿಂಗೆ ಹೆದ್ರಿಕೆ ಆಗ್ತಿಲ್ಯನೇ ಅಕ್ಕ?" ಎಂದು ಅವನು ಕೇಳಿದರೆ, "ಎಂತ ಹೆದ್ರಿಕೆನೂ ಇಲ್ಲೆ. ಹೆದರೋದು ಎಲ್ಲ ಆಗಿ ಮುಗ್ದು ಹೋತು" ಎಂದರು.

ದೊಡ್ಡಾಸ್ಪತ್ರೆಯ ಸರ್ಜನ್ ಕರಾವಳಿಯವರು. ನರೆತ ಮೀಸೆ, ನಿಧಾನದ ಮಾತು. ದೀಪವಿರುವ ಸಣ್ಣ ಕೊಳವೆಯನ್ನು ಮೂತ್ರದ ದಾರಿಯಲ್ಲಿ ಒಳಗೆ ಬಿಟ್ಟು ಮೂತ್ರಕೋಶವನ್ನು ಕಣ್ಣಾರೆ ನೋಡಬಹುದು, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದರಿಂದ ನೋವು ತಿಳಿಯುವುದಿಲ್ಲ ಎಂದು ವಿವರಿಸಿದರು. ದೊಡ್ಡಮ್ಮ ಎಲ್ಲಕ್ಕೂ ಹೂಂ ಎಂದು, ಕೊನೆಗೆ ಒಂದೇ ಒಂದು ಬೇಡಿಕೆ ಇಟ್ಟರು.

"ನಮ್ಮ ಟೀಚರಮ್ಮನೂ ನೋಡ್ಲಿ. ಅವ್ಳು ನೋಡಿ ಹೇಳಿದ್ರೆ ನಂಗೆ ಸಮಾಧಾನ."

ಸರ್ಜನ್ ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ದೊಡ್ಡಮ್ಮನ ಮುಖ ನೋಡಿ, "ಆಗಲಿ" ಎಂದರು.

ನನಗೆ ನಿಲುವಂಗಿ ತೊಡಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಕರೆದರು. ದೊಡ್ಡಮ್ಮನ ಎದೆಯ ಮೇಲೆ ಅಡ್ಡ ಬಟ್ಟೆ ಕಟ್ಟಿದ್ದರಿಂದ ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕೊಳವೆಯ ತುದಿಗೆ ಕಣ್ಣಿಟ್ಟೆ. ಮೊದಲು ಬರೀ ಹಳದಿ ಬೆಳಕು. ಆಮೇಲೆ ಒಂದು ಗುಹೆ ತೆರೆದುಕೊಂಡಿತು. ನೀರು ತುಂಬಿದ, ಮಾಸಲು ಗುಲಾಬಿ ಗೋಡೆಗಳ ಗುಹೆ. ಗೋಡೆಯ ಮೇಲೆ ಎಲೆಯ ನರಗಳಂತೆ ತೆಳುವಾದ ಕೆಂಪು ಗೆರೆಗಳು. ಸರ್ಜನ್ ಕೊಳವೆಯನ್ನು ಸ್ವಲ್ಪ ತಿರುಗಿಸಿದರು. ಅಲ್ಲಿ, ಹೊಳೆಯ ಕಲ್ಲಿಗೆ ಅಂಟಿದ ಪಾಚಿಯ ಹಾಗೆ, ಎಳೆಎಳೆಯಾಗಿ ಏನೋ ನೀರಿನಲ್ಲಿ ತೂಗುತ್ತಿತ್ತು. ಅದರ ಒಂದು ತುದಿಯಿಂದ ರಕ್ತ, ಊದುಬತ್ತಿಯ ಹೊಗೆ ಏಳುವಂತೆ, ತೆಳ್ಳಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಅದು ಚೆಲುವಾಗಿತ್ತು ಎಂದು ಹೇಳಲು ನನಗೆ ಇವತ್ತಿಗೂ ಭಯ.

ಬಟ್ಟೆಯ ಆಚೆಯಿಂದ ದೊಡ್ಡಮ್ಮನ ದನಿ ಬಂತು. "ಕಾಣ್ತಾ ಟೀಚರಮ್ಮ?"

"ಕಾಣ್ತಿದೆ."

"ಎಲ್ಲಿಂದ ಬತ್ತಾ ಇದೆ ರಕ್ತ?"

"ಮೂತ್ರಕೋಶದ ಗೋಡೆಯಿಂದ ದೊಡ್ಡಮ್ಮ. ಅಲ್ಲೊಂದು ಗಂಟು ಬೆಳೆದಿದೆ. ಅದರಿಂದಲೇ ಬರ್ತಿದೆ."

"ಬೇರೆ ಎಲ್ಲಿಂದಲೂ ಇಲ್ವಲ್ಲ?"

"ಇಲ್ಲ."

"ಹಾಂ" ಎಂದು ಉಸಿರು ಬಿಟ್ಟರು.

ಕ್ಯಾನ್ಸರು ಎಂಬ ಮಾತನ್ನು ಸರ್ಜನ್ ಮುಚ್ಚಿಡಲಿಲ್ಲ. "ಬೇರು ಇನ್ನೂ ಮೇಲಿನ ಪದರದಲ್ಲೇ ಉಂಟು. ಮಾಂಸಕ್ಕೆ ಇಳಿದಿಲ್ಲ. ಅದೇ ಕೊಳವೆಯೊಳಗಿಂದ ಕರೆಂಟಿನ ತಂತಿ ಬಿಟ್ಟು ಸುಟ್ಟಿದ್ದೇವೆ. ಆದರೆ ಇದು ಪುನಃ ಹುಟ್ಟುವ ಜಾತಿಯದ್ದು. ಒಮ್ಮೆ ಸುಟ್ಟಲ್ಲಿಗೆ ಮುಗಿಯಿತು ಅಂತ ಇಲ್ಲ. ಮೂರು ತಿಂಗಳಿಗೊಮ್ಮೆ ಬಂದು ಒಳಗೆ ನೋಡಿಸಿಕೊಳ್ಳಬೇಕು. ರಕ್ತ ಕಾಣದಿದ್ದರೂ ಬರಬೇಕು."

"ಯಾಕೆ ಬಂತು ಇದು ನಂಗೆ? ಏನು ಮಾಡಿದ್ದಕ್ಕೆ?" ಎಂದು ದೊಡ್ಡಮ್ಮ ಕೇಳಿದರು.

"ಬೀಡಿ ಸಿಗರೇಟು ಸೇದುವವರಿಗೆ ಹೆಚ್ಚು. ಬಣ್ಣದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಬರುತ್ತದೆ. ನಿಮಗೆ ಯಾಕೆ ಅಂತ ನನಗೆ ಗೊತ್ತಿಲ್ಲ. ನೀವು ಏನೋ ಮಾಡಿದ್ದಕ್ಕೆ ಬಂದದ್ದಲ್ಲ, ಅಷ್ಟು ಗೊತ್ತು."

ಊರಿಗೆ ಬಂದ ಮಾರನೆಯ ದಿನವೇ ದೊಡ್ಡಮ್ಮ ಭಟ್ಟರ ಮನೆಗೆ ಹೋಗಿ, ಜಗಲಿಯ ಕೆಳಗೆ ನಿಂತು ಎಲ್ಲವನ್ನೂ ಹೇಳಿದರು. ಅಡಿಗೆಯ ನಡುವೆ ರಕ್ತ ಕಂಡದ್ದು, ಹೇಳದೆ ಬಡಿಸಿದ್ದು, ಕಾಗೆ ಮುಟ್ಟದೆ ಹೋದದ್ದು, ಕೊನೆಗೆ ಆಸ್ಪತ್ರೆಯಲ್ಲಿ ತಿಳಿದದ್ದು. ನಾನು ಜೊತೆಗಿದ್ದೆ. ಭಟ್ಟರು ಜಗಲಿಯ ಅಂಚಿಗೆ ಬಂದು ಕೂತು ಕೇಳಿದರು. ಅವರ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದರು. ಕೊನೆಗೆ ಭಟ್ಟರು ಹೇಳಿದರು:

"ಗಾಯ ಆದ್ರೆ ಕೈಯಿಂದ ರಕ್ತ ಬರಲ್ವಾ ದೊಡ್ಡಮ್ಮ? ಇದು ಒಳಗಿನ ಗಾಯ. ಇದಕ್ಕೆ ಹೊರಗೆ ಕೂರೋ ಶಾಸ್ತ್ರ ಇಲ್ಲ. ಇನ್ನು ಆ ಕಾಗೆ. ಅವತ್ತು ಸಂತೆ. ಪೇಟೆಯಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೇ ಊಟ ಸಿಕ್ಕಿರಬೇಕು. ನಾಳೆ ಎರಡು ಮನೆಯವ್ರು ಬರ್ತಾರೆ, ಬೇಗ ಬನ್ನಿ."

ದೊಡ್ಡಮ್ಮ ಅಂಗಳದಲ್ಲೇ ನಮಸ್ಕಾರ ಮಾಡಿದರು.

ಆಮೇಲಿನ ಎರಡು ವರ್ಷ ಅವರು ಮತ್ತೆ ಅಡಿಗೆ ಮಾಡಿದರು. ಕ್ಯಾನ್ಸರು ಅಂಟುತ್ತದೆ ಎಂದು ಬೀದಿಯಲ್ಲಿ ಗುಸುಗುಸು ಇತ್ತು. ಭಟ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ತಿಂಗಳಿಗೊಮ್ಮೆ ಘಟ್ಟ ಇಳಿಯುವುದು ದೊಡ್ಡಮ್ಮನಿಗೆ ತವರಿಗೆ ಹೋಗುವಷ್ಟು ರೂಢಿಯಾಯಿತು. ಒಮ್ಮೆ ಏನೂ ಇಲ್ಲ ಎನ್ನುವರು, ಇನ್ನೊಮ್ಮೆ ಎರಡು ಸಣ್ಣವು ಹುಟ್ಟಿವೆ ಎಂದು ಸುಟ್ಟು ಕಳಿಸುವರು. ಏನೂ ಇಲ್ಲದಾಗ ಹಲಸಿನ ಹಪ್ಪಳದ ಕಟ್ಟು ತರುತ್ತಿದ್ದರು. ಸುಟ್ಟು ಬಂದಾಗ ಎರಡು ದಿನ ಮಲಗಿ, "ಕಳ್ಳ ಮತ್ತೆ ಬಂದಿದ್ದ, ಓಡಿಸಿದ್ರು" ಎನ್ನುವರು. ಬಾಗಿಲಲ್ಲಿ ನಿಲ್ಲುತ್ತಿದ್ದವರ ಬಗ್ಗೆ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹೊರಟುಹೋಗಿದ್ದಾರೆ ಎಂದೇ ನಾನು ನಂಬಿದ್ದೆ.

ಮೂರನೆಯ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ಉರಿ ಶುರುವಾಯಿತು. ಗಳಿಗೆಗೊಮ್ಮೆ ಏಳಬೇಕು, ಎದ್ದರೆ ನಾಲ್ಕು ಹನಿ, ಅದೂ ಗಡ್ಡೆಗಟ್ಟಿದ ರಕ್ತ. ಈ ಸಲ ಸರ್ಜನ್ ಹೊರಗೆ ಬಂದು ನನ್ನನ್ನೂ ತಮ್ಮನನ್ನೂ ಪಕ್ಕಕ್ಕೆ ಕರೆದರು. ಹೊಸದಾಗಿ ಹುಟ್ಟಿದ್ದು ಬೇರೆ ರೀತಿಯದು, ಗೋಡೆಯ ಮಾಂಸ ತೂರಿ ಹೊರಗೆ ಹೋಗಿದೆ ಎಂದರು. ಮೂತ್ರಕೋಶವನ್ನೇ ತೆಗೆದು ಮೂತ್ರದ ನಾಳಗಳನ್ನು ಕರುಳಿಗೆ ಸೇರಿಸುವ ದೊಡ್ಡ ಆಪರೇಷನ್ ಉಂಟು, ಅದು ಗೋಡೆಯೊಳಗೇ ಇದ್ದಾಗ ಮಾಡುವಂಥದ್ದು, ಈಗ ಮಾಡಿದರೆ ಕಷ್ಟ ಕೊಟ್ಟಂತಾಗುತ್ತದೆಯೇ ಹೊರತು ಉಳಿಸಿದಂತಾಗುವುದಿಲ್ಲ ಎಂದರು. ಬೆಂಗಳೂರಿನಲ್ಲಿ ಕಿರಣ ಹಾಯಿಸಿದರೆ ರ‌ಕ್ತವಾದರೂ ಕಡಿಮೆಯಾದೀತು. ತಮ್ಮ ಕರೆದುಕೊಂಡು ಹೋದ. ಕಡಿಮೆಯಾಯಿತು ಕೂಡ. ಆಮೇಲೆ ದೊಡ್ಡಮ್ಮ ತೀರ್ಥಹಳ್ಳಿಗೆ ಬರಲಿಲ್ಲ, ಸಾಗರದಲ್ಲೇ ಉಳಿದರು.

ರಜೆ ಸಿಕ್ಕಾಗ ಬಸ್ಸು ಹಿಡಿದು ನೋಡಲು ಹೋದೆ. ತಮ್ಮನ ಮನೆ ಪೇಟೆಯ ಅಂಚಿನಲ್ಲಿತ್ತು. ದೊಡ್ಡಮ್ಮನ ಹಾಸಿಗೆ ನಡುಮನೆಯಲ್ಲಿ, ಕಿಟಕಿಯ ಕೆಳಗೆ. ಅವರ ನಾದಿನಿ, ತಮ್ಮನ ಹೆಂಡತಿ, ಚೊಕ್ಕವಾಗಿ ನೋಡಿಕೊಂಡಿದ್ದಳು. ಆದರೂ ರೋಗದ ವಾಸನೆ ಕೋಣೆಯಲ್ಲಿತ್ತು. ಹಾಸಿಗೆಯಲ್ಲಿ ಕಾಣುತ್ತಿದ್ದದ್ದು ಮುಖವೊಂದೇ. ನಾನು ಪಕ್ಕದಲ್ಲಿ ಕೂತೆ. ಅವರು ನನ್ನ ಕೈಯನ್ನು ತಾವಾಗಿ ಹಿಡಿದುಕೊಂಡು ಎದೆಯ ಮೇಲಿಟ್ಟುಕೊಂಡರು.

ಶಾಲೆಯ ಮಾತು, ಓಣಿಯ ಮಾತು ಆಯಿತು. ನಾದಿನಿ ಕಾಫಿ ತರಲು ಒಳಗೆ ಹೋದಳು. ಆಗ ದೊಡ್ಡಮ್ಮ ದನಿ ಇಳಿಸಿ ಕೇಳಿದರು:

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಆ ಡಾಕ್ಟ್ರಮ್ಮ ನನ್ನ ಸಮಾಧಾನಕ್ಕೆ ಹೇಳಿದ್ದಾ? ಮುಟ್ಟಲ್ಲ ಅಂತ?"

ನಾನು ಅವರ ಕಡೆ ಬಾಗಿದೆ. "ಯಾಕೆ ದೊಡ್ಡಮ್ಮ? ಮತ್ತೆ ಬಂದ್ರಾ ಅವರು?"

"ಹೋದವ್ರು ಎಲ್ಲಿಗೆ ಹೋಗ್ತಾರೆ" ಎಂದರು. "ನಾನು ಕೆಲಸದಲ್ಲಿದ್ದಾಗ ದೂರ ನಿಲ್ತಿದ್ರು. ಈಗ ಮಲಗಿದ್ದೀನಲ್ಲ, ಹತ್ರ ಬಂದು ನಿಲ್ತಾರೆ. ಆ ಹೊಸನಗರದವ್ಳು ಇಲ್ಲೇ ಕಾಲಬುಡದಲ್ಲಿದ್ದಾಳೆ. ಭಟ್ರು ಒಳ್ಳೇವ್ರು, ಅವ್ರೂ ನನ್ನ ಸಮಾಧಾನಕ್ಕೇ ಹೇಳಿರ್ಬೋದು. ನೀನು ಹೇಳು. ನೀನು ಕಂಡಿದ್ದೀಯ."

ನಾನು ಕಾಲಬುಡದ ಕಡೆ ನೋಡದೆ ಹೇಳಿದೆ. ಕೊಳವೆಯ ತುದಿಗೆ ಕಣ್ಣಿಟ್ಟದ್ದು, ನೀರು ತುಂಬಿದ ಗುಹೆ, ಗುಲಾಬಿ ಗೋಡೆ, ತೂಗುತ್ತಿದ್ದ ಎಳೆಗಳು, ಅದರ ತುದಿಯಿಂದ ಹೊಗೆಯಂತೆ ಎದ್ದ ರಕ್ತ. ಒಂದನ್ನೂ ಬಿಡದೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಇನ್ನೊಂದು ಸಲ ಹೇಳು, ಸ್ವಲ್ಪ ಗಟ್ಟಿಯಾಗಿ" ಎಂದರು.

ಗಟ್ಟಿಯಾಗಿ ಯಾರಿಗೆ ಕೇಳಿಸಬೇಕೆಂದು ನಾನು ವಿಚಾರಿಸಲಿಲ್ಲ. ಬಾಗಿಲಲ್ಲಿ ಕಾಫಿಯ ಲೋಟ ಹಿಡಿದು ನಾದಿನಿ ನಿಂತಿದ್ದಳು. ಮತ್ತೊಮ್ಮೆ ಮೊದಲಿಂದ, ಆ ಕೋಣೆಗೆಲ್ಲ ಕೇಳುವಂತೆ ಹೇಳಿದೆ. ನಾನು ಕಣ್ಣಾರೆ ಕಂಡೆ, ಅದು ಮುಟ್ಟಲ್ಲ, ಗಾಯದ ರಕ್ತ, ಈಕೆಯ ಕೈಯ ಅನ್ನ ಶುದ್ಧವಾಗಿತ್ತು ಎಂದೆ. ಕೊನೆಯ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ದೊಡ್ಡಮ್ಮ ನನ್ನ ಕೈ ಬಿಟ್ಟು ಮಗ್ಗುಲಾದರು.

ಅದೇ ಕೊನೆಯ ಭೇಟಿ. ಮಾಘದಲ್ಲಿ ಅವರ ತಮ್ಮ ತೀರ್ಥಹಳ್ಳಿಗೆ ಬಂದು, ಎರಡು ಕೋಣೆಯ ಸಾಮಾನು ಖಾಲಿ ಮಾಡುತ್ತ ನನಗೆ ಹೇಳಿದ. ಕೊನೆಯ ವಾರ ದೊಡ್ಡಮ್ಮ ಮನೆಯವರ ಜೊತೆ ಮಾತಾಡುವುದನ್ನು ಬಿಟ್ಟಿದ್ದರಂತೆ. ಹಾಸಿಗೆಯಲ್ಲೇ ಕೈ ಚಾಚಿ ಬಡಿಸುವವರಂತೆ ಆಡಿಸುತ್ತ, "ಇನ್ನೂ ಸ್ವಲ್ಪ ಹಾಕ್ಲಾ? ನಾಚಿಕೆ ಮಾಡಡಿ" ಎಂದು ನಾಚದೆ ಉಣ್ಣಲು ಒತ್ತಾಯಿಸುತ್ತಿದ್ದರಂತೆ. ತೀರಿಕೊಂಡ ದಿನ ಬೆಳಗಾಗುತ್ತಿದ್ದಂತೆ ಕೈ ತಾನಾಗಿ ನಿಂತಿತು. ಕಾಲಬುಡದ ಕಡೆ ಸಾಲಾಗಿ ಯಾರನ್ನೋ ನೋಡುತ್ತ ಹೋಗಿ, ನಾದಿನಿಯನ್ನು ಹೆಸರು ಹಿಡಿದು ಕರೆದು, ಸ್ಪಷ್ಟವಾಗಿ ಹೇಳಿದರಂತೆ:

"ಎಲ್ಲರದ್ದೂ ಊಟ ಆತು. ಇನ್ನು ಎಲೆ ತೆಗೀಲಕ್ಕು."